ಹಿತ್ತಾಳೆಯ ಮುಚ್ಚಳ

ಮಗನ ಕರ್ಮಗಳೆಲ್ಲ ಮುಗಿದ ಮಾರನೆಯ ದಿನ ಬೀಗರು ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ಬಂದರು. ತಮ್ಮ ಮಗಳನ್ನು ಕರೆದುಕೊಂಡು ಹೋಗಲು ಬಂದದ್ದೆಂದು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನನ್ನ ಹೆಂಡತಿ ತೀರಿಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಈಗ ಜ್ವರದಲ್ಲಿ ಮಗನೂ ಹೋದ. ಸಾಗರದ ಆ ಸಣ್ಣ ಮನೆಯಲ್ಲಿ ಉಳಿದವರು ನಾನು ಮತ್ತು ಸೊಸೆ, ಇಬ್ಬರೇ. ಅವಳಿಗಿನ್ನೂ ಚಿಕ್ಕ ವಯಸ್ಸು, ಮಕ್ಕಳಾಗಿರಲಿಲ್ಲ. ಅವಳಿಗೆ ಇನ್ನೊಂದು ಮನೆ ನೋಡುವ ಯೋಚನೆ ಬೀಗರಿಗಿತ್ತು. ತಪ್ಪೆಂದು ನಾನು ಹೇಳುವಂತಿರಲಿಲ್ಲ.

ಬೀಗರು ಜಗಲಿಯಲ್ಲಿ ಕೂತು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, "ಹೊರಡು ಮಗಾ, ನಿನ್ನ ಅಮ್ಮ ಕಾಯ್ತಾ ಕೂತಿದಾಳೆ" ಎಂದರು.

ಸೊಸೆ ಬಾಗಿಲ ಹತ್ತಿರವೇ ನಿಂತಿದ್ದಳು. "ಗಾಡಿ ಆಗ್ಲಿ ಅಪ್ಪಯ್ಯ. ಒಂದ್ಸಲ ಅದು ಶುರುವಾಗ್ಲಿ. ಆಮೇಲೆ ನೀನು ಕರ್ದಲ್ಲಿಗೆ ಬರ್ತೀನಿ."

"ಯಾವ ಗಾಡಿ?"

ಅವಳು ನನ್ನ ಕೆಲಸದ ಚಪ್ಪರದ ಮೂಲೆಯ ಕಡೆ ಕೈ ತೋರಿಸಿದಳು. ಗೋಣಿ ಹೊದಿಸಿಟ್ಟಿದ್ದ ಕಬ್ಬಿಣದ ರಾಶಿ. ಬೀಗರು ಎದ್ದು ಹೋಗಿ ಗೋಣಿ ಎತ್ತಿ ನೋಡಿ ಬಂದರು.

"ಇದು ಶುರುವಾಗೋ ಹೊತ್ತಿಗೆ ನೀನು ಮುದುಕಿ ಆಗಿರ್ತೀಯ" ಎಂದರು. ಆದರೆ ಮಗಳ ಮುಖ ನೋಡಿ ಹೆಚ್ಚು ಒತ್ತಾಯ ಮಾಡಲಿಲ್ಲ. "ಮಳೆ ಹಿಡಿಯೋ ಮೊದ್ಲು ಬರ್ತೀನಿ. ಅಷ್ಟರಲ್ಲಿ ಆದ್ರೆ ಆಯ್ತು, ಇಲ್ದಿದ್ರೆ ಗುಜರಿಗೆ ಹಾಕಿ ಬೀಗ್ರೇ."

ಅದು ಇಟಲಿ ದೇಶದ ರೇಸಿನ ಮೋಟಾರ್ ಸೈಕಲ್ಲು. ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದಾಗ ನನ್ನ ಮಗ ಅಲ್ಲಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಅಲ್ಲಿಗೆ ಬಂದಿದ್ದ ಒಬ್ಬ ಶೋಕಿ ಎಂಜಿನಿಯರು ಅದನ್ನು ಮುಂಬಯಿಯಿಂದ ತಂದಿದ್ದನಂತೆ. ಅದು ಕೆಟ್ಟು ಕೂತಾಗ ಅಲ್ಲಿಯೇ ಬಿಟ್ಟು ಹೋದ. ಕೆಲಸ ಮುಗಿಯುತ್ತ ಬಂದಂತೆ ಊರಿಗೆ ಹೊರಟ ಒಬ್ಬೊಬ್ಬರೂ ಅದರಿಂದ ತಮಗೆ ಬೇಕಾದದ್ದನ್ನು ಬಿಚ್ಚಿಕೊಂಡು ಹೋದರು. ಉಳಿದ ಚೌಕಟ್ಟು ಮತ್ತು ಎಂಜಿನನ್ನು ಮಗ ಕೇಳಿ ತೆಗೆದುಕೊಂಡು ಲಾರಿಯಲ್ಲಿ ಮನೆಗೆ ತಂದ. ಬೇರೆ ಗಾಡಿಗಳಲ್ಲಿ ಎಂಜಿನ್ನು ನೆಟ್ಟಗೆ ನಿಂತಿರುತ್ತದೆ, ಇದರಲ್ಲಿ ಮುಂದಕ್ಕೆ ಕೈಚಾಚಿ ಮಲಗಿದಂತಿತ್ತು. ರಜೆಯ ದಿನಗಳಲ್ಲಿ ಅವನು ಅದರ ಮುಂದೆ ಕೂರುತ್ತಿದ್ದ. ಸೊಸೆ ಪಕ್ಕದಲ್ಲಿ ಕೂತು ಕೇಳಿದ ಸ್ಪ್ಯಾನರು ಕೊಡುತ್ತಿದ್ದಳು. ಅವನು ಕೆಲಸ ಮಾಡುತ್ತ ಮಾತಾಡುವವನು. ಹೀಗಾಗಿ ಆ ಯಂತ್ರದ ವಿಷಯ ನಮ್ಮ ಮನೆಯಲ್ಲಿ ಈಗ ಗೊತ್ತಿದ್ದದ್ದು ಅವಳೊಬ್ಬಳಿಗೆ. ನಾನು ಗಂಧದ ಕೆತ್ತನೆಯವನು. ಉಳಿ, ಗರಗಸ ಬಿಟ್ಟರೆ ನನಗೆ ಬೇರೆ ಕಬ್ಬಿಣ ತಿಳಿಯದು.

ಏನೇನು ಇಲ್ಲವೆಂದು ಅವಳು ಹೇಳಿದಳು, ಹುಡುಕಲು ನಾನು ಹೊರಟೆ. ಒಂದೊಂದು ಸಾಮಾನು ಸಿಕ್ಕಿದಂತೆಲ್ಲ ಅವಳು ಹೊರಡುವ ದಿನ ಹತ್ತಿರವಾಗುತ್ತದೆ ಎಂಬುದು ಮೊದಲ ಬಸ್ಸು ಹತ್ತುವಾಗಲೇ ನನಗೆ ಗೊತ್ತಿತ್ತು. ಆದರೂ ಹತ್ತಿದೆ. ಮನೆಯಲ್ಲಿ ಕೂತಿರುವುದು ಅದಕ್ಕಿಂತ ಕಷ್ಟವಾಗಿತ್ತು.

ಹೊಸನಗರಕ್ಕೆ ಹೋಗುವ ಬಸ್ಸು ಆಗ ಸುತ್ತಿ ಬಳಸಿ ಹೋಗುತ್ತಿತ್ತು. ಹಿನ್ನೀರು ನಿಂತು ಹಳೆಯ ದಾರಿ ಕೆಲವು ಕಡೆ ಮುಳುಗಿತ್ತು. ಊರು ಬಿಟ್ಟವರು ಬಿಚ್ಚಿ ತಂದ ತೊಲೆ, ಬಾಗಿಲು, ಕಿಟಕಿಗಳು ರಸ್ತೆಯ ಬದಿಯಲ್ಲಿ ರಾಶಿ ಬಿದ್ದಿದ್ದವು. ಕೆಲವು ಚೌಕಟ್ಟುಗಳಲ್ಲಿ ಒಳ್ಳೆಯ ಕೆತ್ತನೆಯಿತ್ತು. ಮೊದಲಾಗಿದ್ದರೆ ಇಳಿದು ಮುಟ್ಟಿ ನೋಡುತ್ತಿದ್ದೆ. ಆಗ ಕತ್ತು ತಿರುಗಿಸುವುದೂ ಬೇಡವೆನಿಸುತ್ತಿತ್ತು.

ಹೊಸನಗರದಲ್ಲಿ, ಹಿಂದೆ ಅಣೆಕಟ್ಟಿನ ಕೆಲಸದಲ್ಲಿ ಲಾರಿ ಓಡಿಸುತ್ತಿದ್ದ ಒಬ್ಬ ಮುದುಕ ಡ್ರೈವರು ಇದ್ದ. ಎಂಜಿನ್ನಿಗೆ ಬೆಂಕಿಯ ಕಿಡಿ ಕೊಡುವ ಮ್ಯಾಗ್ನೆಟೊ ಅವನ ಮನೆಯಲ್ಲಿತ್ತು. ಮೊಮ್ಮಕ್ಕಳನ್ನು ಆಟವಾಡಿಸಲು ಇಟ್ಟುಕೊಂಡಿದ್ದ. ನನ್ನ ಬೆರಳು ಅದರ ತಂತಿಗೆ ತಾಗಿಸಿ ಗರ್ರೆಂದು ತಿರುಗಿಸಿದ. ಮೊಣಕೈ ತನಕ ಜುಂ ಎಂದಿತು.

"ಹೆದ್ರಬೇಡಿ ಯಜಮಾನ್ರೇ. ಜೀವ ಇದೆಯೋ ಇಲ್ವೋ ನೀವೇ ನೋಡ್ಕಳಿ ಅಂತ" ಎಂದು ನಕ್ಕ.

ದುಡ್ಡು ಬೇಡವೆಂದ. ಒಂದು ಸಣ್ಣ ಗಣಪತಿ ಕೆತ್ತಿಕೊಟ್ಟರೆ ಸಾಕೆಂದ. ನಾನು ಒಪ್ಪಿ, ಕಿಕ್ಕಿನ ಕಬ್ಬಿಣ ಯಾರ ಹತ್ತಿರವಿರಬಹುದು ಎಂದು ಕೇಳಿದೆ. ಆ ಕಿಕ್ಕಿಗಾಗಿ ನಾನು ಅಷ್ಟು ಹೊತ್ತಿಗೆ ಊರೂರು ಅಲೆದಿದ್ದೆ. ಕಂಡ ಗ್ಯಾರೇಜುಗಳಲ್ಲೆಲ್ಲ ಕಾಲಿನಿಂದ ಒದೆಯುವಂತೆ ಅಭಿನಯಿಸಿ ತೋರಿಸಿ ಕೇಳಿದ್ದೆ.

ಡ್ರೈವರು ತೊಡೆ ತಟ್ಟಿಕೊಂಡು ನಕ್ಕ. "ರೇಸ್ ಗಾಡಿಗೆ ಎಲ್ಲಿಯ ಕಿಕ್ಕು ಮಾರಾಯ್ರೇ! ಹುಟ್ಟುವಾಗ್ಲೇ ಇಲ್ಲ ಅದಕ್ಕೆ. ತಳ್ಳಿಕೊಂಡು ಓಡಿ ಹತ್ತದು. ಇಲ್ದೇ ಇರೋದನ್ನ ಹುಡುಕ್ತಾ ಸುತ್ತಿದ್ರಲ್ಲ, ಪಾಪ!"

ಮನೆಗೆ ಬಂದು ಹೇಳಿದಾಗ ಸೊಸೆ ನಗಲಿಲ್ಲ. "ಅವ್ರು ಇದೊಂದು ಹೇಳಿರ್ಲಿಲ್ಲ ನಂಗೆ" ಎಂದಳು.

ಪೆಟ್ರೋಲಿನ ಟ್ಯಾಂಕು ಹುಂಚದ ಒಂದು ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಅದನ್ನು ತೊಲೆಗೆ ನೇತುಹಾಕಿ ಅದರಲ್ಲಿ ಸೀಮೆಎಣ್ಣೆ ತುಂಬಿ ಮಾರುತ್ತಿದ್ದರು. ಮಸಿ ಹಿಡಿದ ಮೈಯ ಕೆಳಗೆ ಕೆಂಪು ಬಣ್ಣ ಅಲ್ಲಲ್ಲಿ ಕಾಣುತ್ತಿತ್ತು.

"ಟ್ಯಾಂಕು ಬೇಕಾದ್ರೆ ತಗಂಡೋಗಿ, ನಲ್ಲಿ ಕೊಡದಿಲ್ಲ" ಎಂದರು. "ಈ ತಾಲ್ಲೂಕಲ್ಲಿ ಸೋರದೇ ಇರೋ ನಲ್ಲಿ ಇದೊಂದೇ."

"ನಲ್ಲಿ ಇಲ್ದೆ ಟ್ಯಾಂಕು ತಗಂಡು ಏನ್ಮಾಡ್ಲಿ?"

"ಟ್ಯಾಂಕು ಇಲ್ದೆ ನಲ್ಲಿ ಇಟ್ಕಂಡು ನಾನೇನ್ಮಾಡ್ಲಿ ಹೇಳಿ?"

ಕೊನೆಗೆ ಸೋರದ ನಲ್ಲಿಯಿರುವ ಒಂದು ಡಬ್ಬ ತಂದುಕೊಟ್ಟರೆ ಎರಡನ್ನೂ ಬಿಡುವುದೆಂದು ಮಾತಾಯಿತು. ನಾನು ತಂದ ಮೊದಲನೆಯ ಡಬ್ಬ ಸೋರಿತು. ಎರಡನೆಯದೂ ಸೋರಿತು. ಬಿಸಿಲಿನಲ್ಲಿ ಖಾಲಿ ಡಬ್ಬ ಹಿಡಿದು ಬಸ್ಸಿಗೆ ಕಾಯುತ್ತ ಕೂತಾಗ, ಮಗನಿದ್ದಿದ್ದರೆ ಇಂಥ ಕೆಲಸಕ್ಕೆ ನನ್ನನ್ನು ಕಳಿಸುತ್ತಿರಲಿಲ್ಲ ಎಂದುಕೊಂಡೆ. ಮರುಕ್ಷಣ, ಅವನಿದ್ದಿದ್ದರೆ ಎಂದು ಯೋಚಿಸುವುದೇ ಸುಸ್ತಿನ ಕೆಲಸವೆನಿಸಿತು.

ಮೂರನೆಯ ಡಬ್ಬ ಸೋರಲಿಲ್ಲ, ಟ್ಯಾಂಕೂ ನಲ್ಲಿಯೂ ಮನೆಗೆ ಬಂದವು. ಹೀಗೆ ಒಂದೊಂದಾಗಿ ಕೂಡಿ ಬಂತು. ಎಡಗಡೆಯ ಮುಚ್ಚಳ ಮಾತ್ರ ಎಲ್ಲಿಯೂ ಸಿಗಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಹಲ್ಲಿನ ಚಕ್ರಗಳು ಎಣ್ಣೆಯಲ್ಲಿ ತಿರುಗುವ ಜಾಗವನ್ನು ಮುಚ್ಚುವ ತಟ್ಟೆ ಅದು. ಲಾರಿಯಿಂದ ಇಳಿಸುವಾಗ ಬಿದ್ದು ಒಡೆದಿತ್ತು. ಚೂರುಗಳನ್ನು ಮಗ ತಂತಿಯಲ್ಲಿ ಬಿಗಿದು ಇಟ್ಟಿದ್ದ. ಅಂಥ ಗಾಡಿ ನಮ್ಮ ಸೀಮೆಯಲ್ಲಿ ಇದ್ದದ್ದೇ ಒಂದು, ಇನ್ನೊಂದು ಮುಚ್ಚಳ ಎಲ್ಲಿಂದ ಬರಬೇಕು? ತೀರ್ಥಹಳ್ಳಿಯಲ್ಲಿ ಗಂಟೆ, ದೀಪಗಳನ್ನು ಎರಕ ಹೊಯ್ಯುವ ಒಬ್ಬರಿದ್ದರು. ಮರದಲ್ಲಿ ಅಚ್ಚು ಮಾಡಿ ತಂದರೆ ಹಿತ್ತಾಳೆಯಲ್ಲಿ ಹೊಯ್ದು ಕೊಡುತ್ತೇನೆಂದರು.

ಆಗ ಮಾತ್ರ ನನಗೆ ಸ್ವಲ್ಪ ಗೆಲುವಾಯಿತು. ಕೊನೆಗಾದರೂ ನನ್ನ ಕೈಯ ಕೆಲಸ ಬಂತು. ಒಳ್ಳೆಯ ಶಿವನೆ ಮರದ ತುಂಡು ಆರಿಸಿ, ಚೂರುಗಳನ್ನು ಜೋಡಿಸಿಟ್ಟು, ಕೈವಾರದಲ್ಲಿ ಅಳೆದು ಅಳೆದು ಕೆತ್ತಿದೆ. ಮಾದರಿ ಕೊಟ್ಟರೆ ನೂಲೆಳೆಯಷ್ಟೂ ಆಚೀಚೆ ಆಗಬಾರದು. ನಮಗೆ ಚಿಕ್ಕಂದಿನಿಂದ ಕಲಿಸಿದ್ದು ಅದೊಂದೇ. ಸೊಸೆ ಅದನ್ನು ಎಂಜಿನ್ನಿನ ಮೇಲಿಟ್ಟು ನೋಡಿದಳು. ಬೋಲ್ಟಿನ ತೂತುಗಳೆಲ್ಲ ನೇರಕ್ಕೆ ನೇರ ಬಂದವು. "ಇಟಲಿಯವ್ರಿಗೂ ಗೊತ್ತಾಗದಿಲ್ಲ ಮಾವ" ಎಂದು ನಕ್ಕಳು. ಅವನು ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಎರಕದ ಮುಚ್ಚಳ ತೀರ್ಥಹಳ್ಳಿಯಿಂದ ಬಂದ ದಿನವೇ ಬೀಗರೂ ಮೇಳಿಗೆಯಿಂದ ಬಂದಿದ್ದರು. ಸೊಸೆ ಬಟ್ಟೆಯಲ್ಲಿ ಒರೆಸಿ ಅದನ್ನು ಜಾಗಕ್ಕೆ ಹಿಡಿದಳು. ಒಂದು ಬೋಲ್ಟು ತೂತಿನೊಳಗೆ ಹೋಯಿತು. ಅದರೆದುರಿನದು ಹೋಗಲಿಲ್ಲ. ತಿರುಗಿಸಿ ಹಿಡಿದರೂ, ಒತ್ತಿ ಹಿಡಿದರೂ ಹೋಗಲಿಲ್ಲ. ಮುಚ್ಚಳ ಸುತ್ತಲೂ ಒಂದಿಷ್ಟು ಚಿಕ್ಕದಾಗಿತ್ತು.

ಬೀಗರು ನೋಡುತ್ತಲೇ ಇದ್ದರು. ಅವರೂ ಪ್ರಾಯದಲ್ಲಿ ಉಳಿ ಹಿಡಿದವರು, ಆಮೇಲೆ ಬಿಟ್ಟು ಗದ್ದೆ ಮಾಡಿಕೊಂಡವರು.

"ಮರದ್ದು ಸರಿಯಾಗಿ ಕೂತಿತ್ತು ಅಂದ್ರಿ" ಎಂದರು.

"ಕೂತಿತ್ತು."

"ಹಂಗಾರೆ ಇದೇನು, ದಾರೀಲಿ ಬಿಸಿಲಿಗೆ ಒಣಗ್ತಾ?"

ನಾನು ಬಗ್ಗಿ ಮುಚ್ಚಳದ ಅಂಚಿನ ಮೇಲೆ ಬೆರಳಾಡಿಸಿದೆ.

"ಬೀಗ್ರೇ, ದೇವ್ರ ಮೂಗು ಕೂದ್ಲೆಳೆ ತಪ್ಪದೆ ಕೆತ್ತೋ ಕೈ ನಿಮ್ದು. ಸಾಗರದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಇದೊಂದು ತಟ್ಟೆ ತಪ್ತು ಅಂದ್ರೆ ನಾನು ನಂಬಬೇಕಾ? ನನ್ನ ಮಗಳನ್ನ ಇಲ್ಲೇ ಇಟ್ಕಳಕ್ಕೆ ನೆವ ಬೇಕಾಗಿತ್ತು. ಸಿಕ್ತು. ಹೌದೋ ಅಲ್ವೋ?"

ಏನು ಹೇಳಿದರೂ ಸುಳ್ಳಿನಂತೆ ಕೇಳಿಸುವ ಹೊತ್ತು ಅದು. ಅವಳು ಹೋಗಬಾರದೆಂದು ನಾನು ಬಯಸಿದ್ದು ನಿಜ, ಮುಚ್ಚಳವನ್ನು ನೆಟ್ಟಗೆ ಕೆತ್ತಿದ್ದೂ ನಿಜ. ಎರಡೂ ನಿಜವೆಂದು ಅವರಿಗೆ ಹೇಗೆ ಹೇಳುವುದು? ಬೀಗರು ಕೈಕಾಲು ತೊಳೆಯಲು ಬಾವಿಯ ಕಡೆ ಹೋದರು. ಸೊಸೆ ಇನ್ನೂ ಆ ಮುಚ್ಚಳ ಹಿಡಿದು ಕೂತಿದ್ದಳು.

"ಮಾವ, ಬೇಕಂತ ಮಾಡಿದ್ರಾ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದೆಂದಿದ್ದರೆ ಅವಳಿಗೆ ಬೇಸರವಾಗುತ್ತಿತ್ತೋ ಸಮಾಧಾನವಾಗುತ್ತಿತ್ತೋ ಇವತ್ತಿಗೂ ನನಗೆ ತಿಳಿಯದು.

"ಇಲ್ಲ ಮಗಾ."

"ಹಂಗಾರೆ ಇನ್ನೊಂದ್ಸಲ ಮಾಡಿ" ಎಂದಳು.

ಮಾರನೆಯ ದಿನ ನಾನು ತೀರ್ಥಹಳ್ಳಿಗೆ ಹೊರಟಾಗ ಬೀಗರೂ ಜೊತೆಗೆ ಬಂದರು. ಕಾವಲಿಗೆ ಬಂದದ್ದೆಂದು ಇಬ್ಬರಿಗೂ ಗೊತ್ತಿತ್ತು. ಒಂದೇ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಬೇರೆ ಬೇರೆ ಕಡೆ ನೋಡಿದೆವು. ಎರಕದವರು ಮುಚ್ಚಳವನ್ನೂ ಮರದ ಅಚ್ಚನ್ನೂ ಒಂದರ ಮೇಲೊಂದು ಇಟ್ಟು ನೋಡಿ ನನ್ನ ಮುಖ ನೋಡಿದರು.

"ಅಳತೆಗೆ ಸರಿಯಾಗೇ ಕೆತ್ತಿದ್ರಾ ಹೆಂಗೆ?"

"ಮತ್ತೆ? ನೂಲೆಳೆ ತಪ್ಪಿಲ್ಲ."

"ಅಯ್ಯೋ ದೇವ್ರೆ! ಅದೇ ತಪ್ಪು. ಹಿತ್ತಾಳೆ ಕರಗಿದಾಗ ಹಿಗ್ಗಿರ್ತದೆ, ತಣ್ಣಗಾದ್ಮೇಲೆ ಕುಗ್ತದೆ. ಅಚ್ಚು ಒಂಚೂರು ದೊಡ್ಡದೇ ಇರ್ಬೇಕು. ನಮ್ಗೆ ಅಚ್ಚು ತರೋ ಬಡಗಿಗಳೆಲ್ಲ ಅಷ್ಟು ಜಾಸ್ತಿ ಬಿಟ್ಟೇ ಮಾಡ್ತಾರೆ. ನೀವೂ ಬಿಟ್ಟಿದೀರಿ ಅಂತ ನಾನು ಕೇಳ್ಲೇ ಇಲ್ಲ. ಗಂಧದ ಕೆಲ್ಸದವ್ರು ಅಂತ ಮೊದ್ಲೇ ಹೇಳಬಾರ್ದಾ!"

ಬೀಗರು ಕುಲುಮೆಯ ಕಡೆ ನೋಡುತ್ತ ನಿಂತರು. ಆಮೇಲೆ ಎಲೆ ಅಡಿಕೆಯ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದರು. "ಹಾಕ್ಕಳಿ ಬೀಗ್ರೇ." ನಾನು ಎಲೆ ಹಾಕುವವನಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ತೆಗೆದುಕೊಂಡೆ.

ಎರಡನೆಯ ಅಚ್ಚನ್ನು ಮನೆಯಲ್ಲಿ ಕೆತ್ತಿದೆ. ಮಾದರಿಯನ್ನು ಕಣ್ಣೆದುರು ಇಟ್ಟುಕೊಂಡು ಅದಕ್ಕಿಂತ ದೊಡ್ಡದಾಗಿ ಕೆತ್ತುವುದು ನನ್ನ ಕೈಗೆ ಒಗ್ಗದ ಕೆಲಸ. ಉಳಿ ತಾನಾಗಿ ಗೆರೆಯ ತನಕ ಹೋಗುತ್ತಿತ್ತು. ಹಿಡಿದು ಹಿಡಿದು ನಿಲ್ಲಿಸಬೇಕು. ಎಷ್ಟು ಬಿಡಬೇಕೆಂದು ಎರಕದವರು ಹೇಳಿಕೊಟ್ಟಿದ್ದರು, ಅಷ್ಟೇ ಬಿಟ್ಟೆ. ಇನ್ನೊಮ್ಮೆ ತಪ್ಪಿಸಬಹುದಿತ್ತು, ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ನಾನು ಅವಳಿಗೆ ಇಲ್ಲವೆಂದಿದ್ದೆ.

ಹೊಸ ಎರಕ ಬಂತು, ಈ ಸಲ ಎಲ್ಲ ಬೋಲ್ಟುಗಳೂ ಒಳಗೆ ಹೋದವು. ಸೊಸೆ ಒಳಗಿನಿಂದ ಹರಳೆಣ್ಣೆಯ ಪಾತ್ರೆ ತಂದು ಎಂಜಿನ್ನಿಗೆ ಹೊಯ್ಯತೊಡಗಿದಳು. ರೇಸಿನ ಗಾಡಿಗೆ ಅದೇ ಎಣ್ಣೆಯೆಂದು ಮಗ ಹೇಳಿದ್ದನಂತೆ.

"ಬಾಣಂತಿಗೆ ಹಚ್ಚೋ ಎಣ್ಣೆ ಗಾಡಿಗಾ?" ಎಂದು ಬೀಗರು ನಕ್ಕರು. ಮಗಳು ತಲೆಯೆತ್ತಲಿಲ್ಲ. ಬೀಗರ ನಗು ಅಲ್ಲಿಗೇ ನಿಂತಿತು.

ಕೆರೆಯ ಕಡೆಗೆ ಇಳಿಯುವ ನಮ್ಮ ಬೀದಿಯಲ್ಲಿ ಗಾಡಿ ನಿಲ್ಲಿಸಿದೆವು. ಅವಳು ಸೀರೆಯ ಸೆರಗು ಬಿಗಿದು ಸಿಕ್ಕಿಸಿ ಗಂಡಸಿನಂತೆ ಕಾಲು ಹಾಕಿ ಕೂತಳು. ಹಿಂದಿನಿಂದ ನಾವಿಬ್ಬರು ಮುದುಕರು ತಳ್ಳಿದೆವು. ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು. ಯಾರೋ, "ಬೀಗ್ರಿಬ್ರೂ ಸೇರಿ ಹುಡುಗಿಯನ್ನ ಕೆರೆಗೆ ನೂಕ್ತಿದಾರೆ ನೋಡ್ರೋ" ಎಂದರು. ಮೊದಲ ಸಲ ಏನೂ ಆಗಲಿಲ್ಲ. ಮತ್ತೆ ಮೇಲಕ್ಕೆ ತಂದು ತಳ್ಳಿದೆವು. ನನಗೆ ಉಸಿರು ಹಿಡಿಯಿತು. "ಬಿಡು ಮಗಾ, ಈಗ ಬಿಡು!" ಎಂದು ಬೀಗರು ಕೂಗಿದರು. ಅವಳು ಕ್ಲಚ್ಚು ಬಿಟ್ಟಳು. ಗಾಡಿ ಒಮ್ಮೆ ಮುಗ್ಗರಿಸಿ, ಕೆಮ್ಮಿ, ಆಮೇಲೆ ಇಡೀ ಬೀದಿ ತುಂಬುವಂತೆ ಗುಡುಗಿತು. ಹರಳೆಣ್ಣೆ ಸುಟ್ಟ ಹೊಗೆ ನಮ್ಮ ಮುಖಕ್ಕೆ ಬಂತು. ಅವಳು ಬೀದಿಯ ತುದಿಯವರೆಗೆ ಹೋಗಿ ಬೇಲಿಯ ಹತ್ತಿರ ನಿಲ್ಲಿಸಿದಳು. ಎಂಜಿನ್ನು ಓಡುತ್ತಲೇ ಇತ್ತು. ಅವಳು ಇಳಿಯಲಿಲ್ಲ, ನಾವೂ ಹತ್ತಿರ ಹೋಗಲಿಲ್ಲ. ಕೊನೆಗೆ ತಾನೇ ಎಂಜಿನ್ನು ನಿಲ್ಲಿಸಿದಳು.

ಇನ್ನೇನಾದರೂ ಸಾಮಾನು ಇಲ್ಲವೆಂದು ಅವಳು ಹೇಳಬಹುದು, ದೀಪವೋ ಹಾರ್ನೋ ಬೇಕೆನ್ನಬಹುದು ಎಂಬ ಆಸೆ ನನ್ನಲ್ಲಿ ಸ್ವಲ್ಪ ಉಳಿದಿತ್ತು. ಅವಳು ಮನೆಗೆ ಬಂದು ಕೈ ತೊಳೆದುಕೊಂಡು ಟ್ರಂಕು ಇಳಿಸಿದಳು.

ತೀರ್ಥಹಳ್ಳಿಯ ಬಸ್ಸಿನ ಹತ್ತಿರ ನನ್ನ ಕಾಲು ಮುಟ್ಟಿದಳು. "ಮಳೆ ಹಿಡಿದ್ಮೇಲೆ ಅದನ್ನ ಹೊರಗಿಡಬೇಡಿ ಮಾವ" ಎಂದಳು. ಬೀಗರು ಟ್ರಂಕನ್ನು ಮೇಲೆ ಹಾಕಿಸಿ ಬಂದು, "ಹಬ್ಬಕ್ಕೆ ಬನ್ನಿ" ಎಂದು ಕೈಮುಗಿದರು.

ವಾಪಸು ಬರುವಾಗ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಸೊಸೆ ಅಪ್ಪನ ಮನಿಗಾ? ಯಾವಾಗ ಬರದು?" ಎಂದು ಕೇಳಿದಳು.

"ಇನ್ನು ಅಲ್ಲೇ ಇರ್ತಾಳೆ" ಎಂದೆ.

ಒಳಗೆ ಹೋಗಿ ಒಲೆ ಹಚ್ಚಿ ನೀರಿಟ್ಟೆ. ಅಕ್ಕಿಯ ಡಬ್ಬದ ಮುಂದೆ ಪಾವು ಹಿಡಿದು ಕೂತೆ. ಒಬ್ಬನಿಗೆ ಎಷ್ಟು ಹಾಕಬೇಕೆಂದು ನನಗೆ ಅಂದಾಜಿರಲಿಲ್ಲ.