ಉಗಿಯಬಾರದ ದಿನ

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದೇನೆ. ಬೆಳಿಗ್ಗೆ ಮದ್ದೂರಿನಲ್ಲಿ ನನ್ನ ಕೊನೆಯ ದವಡೆ ಹಲ್ಲು ಕಿತ್ತರು. ಡಾಕ್ಟರು ಅದನ್ನು ಬುದ್ಧಿ ಹಲ್ಲು ಎನ್ನುತ್ತಾರೆ. ಆ ಕೋಣೆಯ ಲವಂಗದ ವಾಸನೆ ಇನ್ನೂ ಸೆರಗಿನಲ್ಲಿದೆ. ಮಾತಾಡಬೇಡಿ ಎಂದಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು; ತಪ್ಪಿದ್ದರೆ ನೀವೇ ಸರಿ ಮಾಡಿಕೊಳ್ಳಿ.

ಲವಂಗ ಎಂದರೆ ನಿಮಗೆ ಪಲಾವು ನೆನಪಾಗಬಹುದು. ನನಗೆ ನೆನಪಾಗುವುದು ಸೊಸೆ ಸುಮಿತ್ರಾಳ ಊದಿದ ಕೆನ್ನೆ.

ಮೂರು ವರ್ಷದ ಹಿಂದೆ ಅವಳಿಗೂ ಇದೇ ಹಲ್ಲು ತೆಗೆಸಿದೆವು. ಜೊತೆಗೆ ಹೋದವಳು ನಾನು. ಡಾಕ್ಟರಮ್ಮ, ಇನ್ನೂ ಚಿಕ್ಕ ಹುಡುಗಿ, ನನ್ನನ್ನು ಕೂರಿಸಿಕೊಂಡು ಹೇಳಿದಳು: ಒಂದು ಗಂಟೆ ಹತ್ತಿ ಕಚ್ಚಿರಬೇಕು, ಇವತ್ತೆಲ್ಲ ಉಗಿಯಬಾರದು, ಮುಕ್ಕಳಿಸಬಾರದು, ತಣ್ಣಗೆ ಮೆತ್ತಗಿರುವುದನ್ನು ತಿನ್ನಬೇಕು, ಉಪ್ಪುನೀರು ನಾಳೆಯಿಂದ. ನಾನು ತಲೆ ಆಡಿಸಿದೆ. ತಲೆ ಆಡಿಸುವುದು ನನಗೆ ಚೆನ್ನಾಗಿ ಬರುತ್ತದೆ.

ಮನೆಗೆ ಬಂದು ಹತ್ತಿ ತೆಗೆದರೆ ಎಂಜಲೆಲ್ಲ ಕೆಂಪು. ನಮ್ಮದು ಎಲೆ ಅಡಿಕೆ ಹಾಕುವ ಮನೆ. ಬಾಯಿ ಕೆಂಪಾದರೆ ಉಗಿಯಬೇಕು, ನಮಗೆ ಗೊತ್ತಿರುವುದು ಅಷ್ಟೇ. ನನ್ನ ಅತ್ತೆ ಮಳವಳ್ಳಿ ಕಡೆಯವರು. ಜಗಲಿ ಮೇಲೆ ಕೂತೇ ಚರಂಡಿಗೆ ಉಗಿಯುತ್ತಿದ್ದರು, ಒಂದು ಹನಿ ಮೆಟ್ಟಿಲ ಮೇಲೆ ಬೀಳುತ್ತಿರಲಿಲ್ಲ. ಅವರಿಂದ ನಾನು ಸರಿಯಾಗಿ ಕಲಿತದ್ದು ಅದೊಂದೇ ಇರಬೇಕು.

ಬೋಸಿ ತಂದು ಸುಮಿತ್ರಾಳ ಮುಂದೆ ಇಟ್ಟೆ.

"ಉಗಿ ಕಣಮ್ಮಿ. ಕೆಟ್ಟ ರಕ್ತ ಒಟ್ಟೆಗೋದ್ರೆ ನಂಜಾಯ್ತದೆ."

"ಡಾಕ್ಟ್ರು ಬ್ಯಾಡ ಅಂದವ್ರಲ್ಲ ಅತ್ತೆ."

"ನಿನ್ನೆ ಮೊನ್ನೆ ಉಟ್ಟವ್ಳಿಗೆ ಏನ್ ಗೊತ್ತು? ನಾನು ನಾಕು ಎತ್ತವ್ಳು. ಉಗಿ ಅಂದ್ರೆ ಉಗಿ."

ಅವಳು ಉಗಿದಳು. ರಕ್ತ ನಿಲ್ಲಲಿಲ್ಲ ಎಂದು ನೀರು ಕೊಟ್ಟು ಮುಕ್ಕಳಿಸು ಎಂದೆ. ಸಂಜೆ ಬಿಸಿ ಮುದ್ದೆ ಇಟ್ಟೆ. "ಮುದ್ದೆ ಯಾರು ಅಗೀತಾರೆ, ನುಂಗಾದು ತಾನೆ" ಎಂಬುದು ನನ್ನ ಲೆಕ್ಕಾಚಾರ. ಮುದ್ದೆ ಹಲ್ಲಿಗೆ ತಾಕದಿದ್ದರೂ ಬಿಸಿ ಸಾರು ಗಾಯಕ್ಕೆ ತಾಕುತ್ತದೆ ಎಂಬುದು ತಲೆಗೆ ಹೋಗಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹಾಲು ಕರೆಯುತ್ತಿದ್ದವಳು ಕಿವಿ ಹಿಡಿದುಕೊಂಡು ಹಸುವಿನ ಪಕ್ಕದಲ್ಲೇ ಕುಸಿದು ಕೂತಳು. ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ. ಬಾಯಿ ನಾರುತ್ತಿತ್ತು. ಟಾರ್ಚು ಬಿಟ್ಟು ನೋಡಿದೆ. ಹಲ್ಲು ಕಿತ್ತ ಗುಂಡಿಯೊಳಗೆ ಬೆಳ್ಳಗೆ ಮೂಳೆ ಕಂಡ ಹಾಗಾಯಿತು. ಆಗ ಹೆದರಿದೆ ನೋಡಿ. ನಮ್ಮೂರು ಕೊಪ್ಪದಿಂದ ಮದ್ದೂರಿನ ತನಕ ಬಸ್ಸಿನಲ್ಲಿ ಒಂದೇ ಯೋಚನೆ: ದವಡೆ ಕೊಳೆತರೆ ಇವಳ ತವರಿನವರಿಗೆ ಏನು ಹೇಳಲಿ? ಅವಳ ನೋವಿಗಿಂತ ನನ್ನ ಮಾನದ ಚಿಂತೆಯೇ ಮುಂದಿತ್ತು. ಇದ್ದದ್ದು ಬರೆಯುತ್ತಿದ್ದೇನೆ.

ಡಾಕ್ಟರಮ್ಮ ಬಾಯಿ ನೋಡಿ ಕೇಳಿದಳು, "ಉಗಿದ್ರಾ ಸುಮಿತ್ರಾ?"

ಸುಮಿತ್ರಾ ನನ್ನ ಕಡೆ ಒಂದು ಸಲ ನೋಡಿ, "ಇಲ್ಲ ಮೇಡಂ" ಎಂದಳು.

ನಾನು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸುಳ್ಳು ನಂಬಿ ಬೇರೆ ಯಾವುದೋ ಔಷಧಿ ಕೊಟ್ಟುಬಿಟ್ಟರೆ?

"ಸುಳ್ಳು ಕಣವ್ವ. ನಾನೇ ಉಗಿಸ್ದೆ. ಬಿಸಿ ಮುದ್ದೆನೂ ಇಕ್ದೆ."

ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ. "ಅಜ್ಜಿ, ಹಾಲಿಗೆ ಹೆಪ್ಪು ಹಾಕಿ ಪಾತ್ರೆ ಅಲ್ಲಾಡಿಸ್ತಾ ಇರ್ತೀರಾ?"

"ಅಲ್ಲಾಡ್ಸುದ್ರೆ ಮೊಸರು ಎಲ್ಲಿ ಕಟ್ತದೆ?"

"ಆ ಗುಂಡೀಲೂ ರಕ್ತ ಹಾಗೇ ಕಟ್ಟಬೇಕು. ಒಳಗಿನ ಮೂಳೆಗೆ ಅದೇ ಹೊದಿಕೆ. ನೀವು ಅದನ್ನೇ ಕಿತ್ತು ತೆಗೆಸಿದ್ರಿ."

ಗಾಯ ತೊಳೆದು ಲವಂಗದೆಣ್ಣೆಯ ಔಷಧಿ ತುಂಬಿದಳು. ಎರಡು ಸಲ ಬದಲಾಯಿಸಿದ ಮೇಲೆ ನೋವು ಇಳಿಯಿತು. ಸುಳ್ಳು ಯಾಕೆ ಹೇಳಿದೆ ಎಂದು ಅವತ್ತು ವಾಪಸು ಬರುವ ಬಸ್ಸಿನಲ್ಲೇ ಸುಮಿತ್ರಾಳನ್ನು ಕೇಳಿದ್ದೆ. "ಕಡಿಯಕ್ಕೆ ತಂದ ಬಂಡೂರು ಕುರಿ ಥರ ನಿಂತಿದ್ರಲ್ಲ, ಇನ್ನೇನು ಯೋಳಾದು" ಎಂದಳು, ಕೆನ್ನೆ ಹಿಡಿದುಕೊಂಡೇ.

ಈಗ ನನಗೆ ಸಕ್ಕರೆ ಕಾಯಿಲೆ ಇದೆ. ಗಾಯ ಮಾಯುವುದು ತಡ, ಜೋಪಾನ ಎಂದು ಅದೇ ಡಾಕ್ಟರಮ್ಮ ಮೂರು ಸಲ ಹೇಳಿ ಕಳಿಸಿದ್ದಾಳೆ. ಎಲೆ ಅಡಿಕೆ, ಹೊಗೆಸೊಪ್ಪು ಮುಟ್ಟುವಂತಿಲ್ಲ. ಸುಮಿತ್ರಾ ಪಕ್ಕದಲ್ಲಿ ಕೂತು ಕಾಯುತ್ತಾಳೆ ಎಂದುಕೊಂಡಿದ್ದೆ. ಅವಳು ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟಳು. "ನಿಮ್ಗೆ ಗೊತ್ತಲ್ಲ ಅತ್ತೆ, ನಾನ್ಯಾಕೆ ಕಾಯ್ಬೇಕು" ಎಂದಳು. ಕಾದಿದ್ದರೆ ಧೈರ್ಯವಾಗುತ್ತಿತ್ತು ಎಂದು ಹೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಗಂಟೆ ಕಳೆಯಿತು. ಹತ್ತಿ ತೆಗೆದೆ. ಕೆಂಪಾಗಿದೆ. ಬಾಯಿ ತುಂಬಿತು. ಕಾಲು ತಾನಾಗಿಯೇ ಜಗಲಿಗೆ ಹೋಯಿತು. ಬೀದಿಯಲ್ಲಿ ಯಾರೂ ಇರಲಿಲ್ಲ. ಕಂಬ ಹಿಡಿದುಕೊಂಡು ನುಂಗಿದೆ. ಒಳಗೆ ಬಂದು ಹೊಸ ಹತ್ತಿ ಕಚ್ಚಿದ್ದೇನೆ.