ತಾನಾಗಿ ಇಳಿದ ಜಾಕು

ಕೊಟ್ಟೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಆಗ ಒಂದು ಹಳೆಯ ಕಾರು ಕೊಂಡೆ. ಹೆಂಗಸೊಬ್ಬಳು ಕಾರು ಓಡಿಸುವುದನ್ನೇ ನಮ್ಮ ಓಣಿಯ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು. ಅದರ ಅಡಿಗೆ ನುಗ್ಗಿ ನಟ್ಟು ಬಿಚ್ಚುವವಳನ್ನು ಕಂಡರೆ ಕೇಳಬೇಕೇ. ನನಗೆ ಅದನ್ನು ಕಲಿಸಿದವನು ಅಪ್ಪ. ಇಪ್ಪತ್ತೈದು ವರ್ಷ ಲಾರಿ ಓಡಿಸಿ, ಕಣ್ಣು ಮಂದವಾದ ಮೇಲೆ ಅದನ್ನು ಬಿಟ್ಟು ನನ್ನ ಜೊತೆಗಿದ್ದ. ಎಂಜಿನ್ ಆಯಿಲ್ ಬದಲಿಸುವುದು, ಗ್ರೀಸು ಹಚ್ಚುವುದು, ಬ್ರೇಕಿನ ಧೂಳು ತೆಗೆಯುವುದು, ಎಲ್ಲವನ್ನೂ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಲ್ಲಿಂದಲೇ ಹೇಳಿಕೊಡುತ್ತಿದ್ದ. ತಾನು ಮಾತ್ರ ಕಾರಿನ ಅಡಿಗೆ ಒಮ್ಮೆಯೂ ಹೋದವನಲ್ಲ. ಕಣ್ಣು ಕಾಣದ್ದಕ್ಕೆ ಇರಬೇಕು ಎಂದುಕೊಂಡಿದ್ದೆ.

ಅವನದೊಂದು ರೂಢಿ ಇತ್ತು. ಕೆಲಸ ಮುಗಿಸಿ ನಾನು ಹೊರಗೆ ಬಂದು ಜಾಕು ಇಳಿಸಲು ಕೈ ಹಾಕಿದರೆ, ಅಪ್ಪ ಕೈ ಎತ್ತಿ ತಡೆಯುತ್ತಿದ್ದ. ಕಾರಿನ ಅಡಿಯ ಕತ್ತಲೆಯ ಕಡೆ ಮುಖ ಮಾಡಿ, “ಹೊರಗ ಬಾರಲೇ,” ಎಂದು ಮೆಲ್ಲಗೆ ಕರೆಯುತ್ತಿದ್ದ. ಒಂದಷ್ಟು ಹೊತ್ತು ಕಾಯುತ್ತಿದ್ದ. ಆಮೇಲೆ ತಲೆ ಆಡಿಸಿ, “ಹ್ಞೂಂ, ಈಗ ಇಳಸವ್ವ,” ಎನ್ನುತ್ತಿದ್ದ. ಮೊದಲ ಸಲ, ಬೆಕ್ಕನ್ನು ಕರೆಯುತ್ತಿರಬೇಕು ಎಂದುಕೊಂಡೆ. ನಮ್ಮ ಮನೆಯಲ್ಲಿ ಬೆಕ್ಕಿರಲಿಲ್ಲ.

“ಯಾರನ್ನ ಕರಿತೀಯಪ್ಪಾ?” ಎಂದು ಕೇಳಿದ್ದೆ.

“ಲಾರಿ ಕಾಲದ ಚಟ. ಬಿಡು ಅತ್ಲಾಗ.”

ಕಾರಿನ ಜೊತೆ ಬಂದಿದ್ದು ತಿರುಪಿನ ಸಣ್ಣ ಜಾಕು. ಅದು ಪಂಕ್ಚರಾದ ಗಾಲಿ ಬಿಚ್ಚಲು ಮಾತ್ರ, ಅದನ್ನು ನಂಬಿ ಅಡಿಗೆ ಹೋಗಬೇಡ ಎಂದು ಅಪ್ಪ ದಿನಾ ಹೇಳುತ್ತಿದ್ದ. ಕೊನೆಗೊಂದು ದಿನ ಅವನನ್ನೇ ಕರೆದುಕೊಂಡು ಹರಪನಹಳ್ಳಿಯ ಒಂದು ಬಿಡಿಭಾಗಗಳ ಅಂಗಡಿಗೆ ಹೋದೆ. ಅಲ್ಲಿ ನೆಲದ ಮೇಲೆ ಉರುಳಿಸುವ ಗಾಲಿ ಜಾಕುಗಳು ಎರಡಿದ್ದವು. ಒಂದು ಚಿಕ್ಕದು, ಕೆಂಪು ಬಣ್ಣದ್ದು, ನಾನೊಬ್ಬಳೇ ಎತ್ತಬಹುದಾದಷ್ಟು ಹಗುರ. ಇನ್ನೊಂದಕ್ಕೆ ಇಬ್ಬರು ಬೇಕು.

“ಯಜಮಾನ್ರ, ಈ ಸಣ್ಣದೂ ಎರಡು ಟನ್ ಎತ್ತತೈತ್ರಿ. ನಿಮ್ಮ ಕಾರು ಯಾವ ಲೆಕ್ಕ?” ಎಂದ ಅಂಗಡಿಯವನು.

“ಎತ್ತಾದು ಎಲ್ಲಾ ಎತ್ತತಾವು. ಹಿಡಕಂಡು ನಿಂದ್ರತೈತೇನು, ಅದನ್ನ ಹೇಳು,” ಎಂದ ಅಪ್ಪ.

ಅಂಗಡಿಯವನು ನಕ್ಕ. ನನಗೂ ನಗು ಬಂತು. ಹಗುರವಾದದ್ದನ್ನೇ ತಂದೆ.

ಮುಂದಿನ ಭಾನುವಾರ ಮಟಮಟ ಮಧ್ಯಾಹ್ನ. ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಅಂಗಳಕ್ಕೆ ಹಾಸಿದ ಕಲ್ಲಿನ ಮೇಲೆ ಹೊಸ ಜಾಕು ಇಟ್ಟು ಕಾರಿನ ಮೂತಿ ಎತ್ತಿದೆ. ಅಡಿಯಲ್ಲಿ ಮಲಗಿ ಹಳೆಯ ಆಯಿಲನ್ನು ತಗಡಿನ ಡಬ್ಬಿಗೆ ಇಳಿಸಿ, ಬೋಲ್ಟು ಬಿಗಿದು ಹೊರಗೆ ಬಂದೆ. ಅಪ್ಪ ಎಂದಿನಂತೆ ಕೈ ಎತ್ತಿದ. ಎಂದಿನಂತೆ ಕರೆದ. ತಲೆ ಮಾತ್ರ ಆಡಿಸಲಿಲ್ಲ.

“ತಡಿಯವ್ವ. ಇನ್ನೂ ಬಂದಿಲ್ಲ.”

“ಯಾರು ಬಂದಿಲ್ಲ?”

ನಾನು ಮೊಣಕಾಲೂರಿ ಬಗ್ಗಿ ನೋಡಿದೆ. ಡಬ್ಬಿ, ಬೋಲ್ಟು ಬಿಗಿದ ಪಾನಾ, ನೆರಳು. ಮತ್ತೇನಿಲ್ಲ. ಆದರೂ ಅಪ್ಪನ ಮುಖ ನೋಡಿ ಜಾಕಿನ ಹಿಡಿಕೆ ಮುಟ್ಟುವ ಧೈರ್ಯ ಬರಲಿಲ್ಲ. ಎದ್ದು ಬಂದು ಅವನ ಪಕ್ಕ ನಿಂತೆ. ಎಷ್ಟು ಹೊತ್ತು ಹಾಗೆ ಕಾದೆವೋ. ಎದುರಿನ ಕಾಂಪೌಂಡ್ ಗೋಡೆಯಲ್ಲಿ ಒಂದು ಬಿರುಕಿತ್ತು. ಕಾರು ಎತ್ತಿದಾಗಿನಿಂದ ಬಾನೆಟ್ಟಿನ ಅಂಚು ಅದನ್ನು ಮರೆಮಾಡಿತ್ತು. ಈಗ ಆ ಬಿರುಕಿನ ತುದಿ ಕಾಣತೊಡಗಿತು. ಸ್ವಲ್ಪ ಹೊತ್ತಿಗೆ ಇನ್ನಷ್ಟು ಕಂಡಿತು. ಕಾರು ಇಳಿಯುತ್ತಿತ್ತು. ಹಿಡಿಕೆಯ ಹತ್ತಿರ ಯಾರೂ ಇರಲಿಲ್ಲ, ಸಪ್ಪಳವೂ ಇರಲಿಲ್ಲ. ಕೊನೆಗೆ ಅದರ ಹೊಟ್ಟೆ ಡಬ್ಬಿಗೆ ತಾಗಿ, ತಗಡು ಟಕ್ಕೆಂದು ಒಳಕ್ಕೆ ಮಡಚಿಕೊಂಡಿತು. ಕಪ್ಪು ಎಣ್ಣೆ ಕಲ್ಲಿನ ಮೇಲೆ ಹರಿದು ಬಂತು.

“ಬಂದ,” ಎಂದ ಅಪ್ಪ. ಅವನ ಕೆನ್ನೆ ಒದ್ದೆಯಾಗಿತ್ತು. “ಈಗ ಬಂದ.”

ನಾನು ವಿಜ್ಞಾನದ ಟೀಚರು. ಜಾಕಿನ ಒಳಗಿನ ರಬ್ಬರು ಸರಿಯಾಗಿ ಕೂರದೆ ಎಣ್ಣೆ ಸೋರಿದೆ, ಒತ್ತಡ ಇಳಿದಿದೆ, ಇಷ್ಟೇ. ಜಾಕಿನ ಅಡಿಯಲ್ಲಿ ಎಣ್ಣೆಯ ಪಸೆಯೂ ಇತ್ತು. ಅದನ್ನು ಅಪ್ಪನಿಗೂ ತೋರಿಸಿದೆ.

“ಗೊತ್ತೈತವ್ವ. ಅವತ್ತೂ ಹಿಂಗ ಇಳದಿತ್ತು. ಒಂದ್ ಸಪ್ಪಳ ಇಲ್ಲ.”

ಆಮೇಲೆ ಹೇಳಿದ. ಮೂವತ್ತು ದಾಟಿದ ನಾನು ಅದನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಈರುಳ್ಳಿ ತುಂಬಿಕೊಂಡು ಹೋಗುವಾಗ ಚಿಗಟೇರಿ ದಾಟಿದ ಮೇಲೆ ಲಾರಿ ಕೆಟ್ಟು ನಿಂತಿತ್ತು. ಜೊತೆಗಿದ್ದ ಇನ್ನೊಬ್ಬ ಡ್ರೈವರು ಹೊಸಹಳ್ಳಿಯವನು, ಅಪ್ಪನ ಜೀವದ ಗೆಳೆಯ. ಅವನು ಲಾರಿಯನ್ನು ಜಾಕಿನಿಂದ ಎತ್ತಿ ಅಡಿಗೆ ಹೋದ. ಅಪ್ಪ ಆಚೆ ಬದಿಯ ನೆರಳಿನಲ್ಲಿ ಲಾರಿಗೆ ಬೆನ್ನು ಮಾಡಿ ಕೂತ.

“ಅವನ ತಂಗಿ ಮದುವಿ ಸುದ್ದಿ ಮಾತಾಡ್ತಿದ್ವಿ. ನಾ ಹೇಳ್ತಿದ್ದೆ, ಅವ ಹ್ಞೂಂ ಅಂತಿದ್ದ. ಹ್ಞೂಂ ಅನ್ನಾದು ಯಾವಾಗ ನಿಂತ್ತೋ ನನಗ ತಿಳೀಲಿಲ್ಲ. ನಾ ಮಾತಾಡ್ತಾನ ಇದ್ದೆ. ನಿದ್ದಿ ಬಂದು ಮಕ್ಕಂಡಾನ ಅನ್ಕಂಡೆ. ಹೊರಗ ಬಾರಲೇ, ಚಾ ಕುಡಿಯಾನ ಅಂದೆ.”

ಕುರ್ಚಿಯಿಂದ ಎದ್ದು, ಕಲ್ಲಿನ ಮೇಲೆ ಹರಿದ ಎಣ್ಣೆಗೆ ಮಣ್ಣು ಎರಚತೊಡಗಿದ.

ಮರುದಿನ ಸಂಜೆ ಜಾಕನ್ನು ಅಂಗಡಿಗೆ ಒಯ್ದೆವು. ಅಂಗಡಿಯವನ ವ್ಯಾನಿನ ಮೂತಿಯನ್ನೇ ಅದರಿಂದ ಎತ್ತಿಸಿ, ಅದರ ಮಟ್ಟಕ್ಕೆ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮೂವರೂ ಕೂತೆವು. ಅರ್ಧ ಗಂಟೆಯಲ್ಲಿ ವ್ಯಾನು ಎರಡು ಬೆರಳಷ್ಟು ಇಳಿಯಿತು. ಅಂಗಡಿಯವನು ಈ ಸಲ ನಗಲಿಲ್ಲ, ಜಾಕನ್ನು ವಾಪಸು ತೆಗೆದುಕೊಂಡ. ದೊಡ್ಡದನ್ನು ಅಪ್ಪ ಒಂದು ಗಂಟೆ ಪೂರಾ ಕೂತು ನೋಡಿದ; ವ್ಯಾನು ಗೆರೆಯಿಂದ ಕದಲಲಿಲ್ಲ. ಅದರ ತಲೆ ತಗ್ಗಾಗಿ ಕಾರಿನ ಅಡಿಗೆ ಸಲೀಸಾಗಿ ಹೋಗುತ್ತದೆಯೇ, ಕಾರನ್ನು ಹೊರುವ ಬಟ್ಟಲು ಅಗಲವಿದೆಯೇ ಎಂದು ಬೆರಳಾಡಿಸಿ ನೋಡಿ ಒಪ್ಪಿದ. ಅಷ್ಟಕ್ಕೂ ಬಿಡಲಿಲ್ಲ. ಹಗರಿಬೊಮ್ಮನಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ಕಬ್ಬಿಣದ ಎರಡು ಸ್ಟ್ಯಾಂಡು ಮಾಡಿಸಿದ.

“ಜಾಕು ಎತ್ತಾಕ ಅಷ್ಟ. ನಿಂದ್ರಸಾಕ ಇವು. ಜಾಕು ಎಷ್ಟು ಚಲೋ ಇದ್ರೂ ಇವು ಇಲ್ದ ಅಡಿಗೆ ಹೋಗಬ್ಯಾಡ.”

ಅವುಗಳ ಮೇಲೆ ಮೊದಲ ಸಲ ಕಾರು ನಿಲ್ಲಿಸಿದ ದಿನ ಅಪ್ಪ ಅಂಗಿ ಬಿಚ್ಚಿ, ಗೋಣಿಚೀಲ ಹಾಸಿ ತಾನೇ ಅಡಿಗೆ ಹೋದ.

“ನೀ ಮಾತಾಡ್ತಾ ಇರವ್ವ,” ಎಂದ ಅಲ್ಲಿಂದ.

ಶಾಲೆಯದು, ಪರೀಕ್ಷೆಯದು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವನು ಹ್ಞೂಂಗುಟ್ಟುತ್ತಿದ್ದ. ನಡುವೆ ಆ ಹ್ಞೂಂ ನಿಂತುಹೋಯಿತು. “ಅಪ್ಪಾ?” ಎಂದೆ. ಬಗ್ಗಿ ನೋಡಿದೆ. ಅವನು ಚೀಲದ ಒಂದು ಅಂಚಿಗೆ ಸರಿದು, ಇನ್ನೊಬ್ಬರಿಗೆ ಜಾಗ ಬಿಟ್ಟವನ ಹಾಗೆ ಮಲಗಿದ್ದ. ಮುಖ ಆ ಖಾಲಿ ಜಾಗದ ಕಡೆ ಇತ್ತು. ತುಟಿಗಳು ಅಲುಗುತ್ತಿದ್ದವು, ಮಾತು ನನಗೆ ಕೇಳಿಸಲಿಲ್ಲ. ನಡುನಡುವೆ ಸುಮ್ಮನಾಗಿ ಕಿವಿಗೊಡುತ್ತಿದ್ದ, ಆಮೇಲೆ ಮತ್ತೆ ಹೇಳುತ್ತಿದ್ದ.

ನಾನು ಮತ್ತೆ ಕರೆಯಲಿಲ್ಲ. ದೂರ ಹೋಗಿ ಕಟ್ಟೆಯ ಮೇಲೆ ಕೂತೆ.

ಬಹಳ ಹೊತ್ತಿನ ಮೇಲೆ ಬೆನ್ನು ತುಂಬ ಧೂಳು ಮೆತ್ತಿಕೊಂಡು ಹೊರಬಂದ. ಕೈ ತೊಳೆದ. “ರೊಟ್ಟಿ ಆಗ್ಯಾವೇನವ್ವ?” ಎಂದು ಕೇಳಿ ಒಳಗೆ ಹೋದ. ಈ ಸಲ ಅವನು ಕಾರಿನ ಅಡಿಯ ಕಡೆ ತಿರುಗಿ ‘ಹೊರಗ ಬಾರಲೇ’ ಎಂದು ಕರೆದಿರಲಿಲ್ಲ. ಕಾರು ಇಳಿಸಲು ನನಗೆ ಕೈ ಬರಲಿಲ್ಲ. ಸಂಜೆಯವರೆಗೂ ಅದು ಸ್ಟ್ಯಾಂಡಿನ ಮೇಲೆಯೇ ಇತ್ತು.