ತಂತಿ ಮಾವನ ತೊಂಬತ್ತು ಜಾಹೀರಾತು

ತಂತಿ ಮಾವ ಪತ್ರಿಕಾ ಕಚೇರಿಯ ಜಾಹೀರಾತು ಕೌಂಟರಿನ ಹಿಂದೆ ಮೂವತ್ತೆರಡು ವರ್ಷ ಕೂತವರು. ಪುಟ ತುಂಬಾ ಬರುವ ದೊಡ್ಡ ಜಾಹೀರಾತಲ್ಲ ಮತ್ತೆ. ಮೂಲೆಯಲ್ಲಿ ಇರುವೆ ಸಾಲಿನಂತೆ ಬರುತ್ತವಲ್ಲ, ಮನೆ ಬಾಡಿಗೆಗಿದೆ, ಸೈಕಲ್ ಮಾರಾಟಕ್ಕಿದೆ, ನಾಯಿ ಕಳೆದಿದೆ ಅಂತ, ಅಂಥವು. ಜನ ಬಂದು ತಮ್ಮ ಮಂಚದ ಚರಿತ್ರೆಯನ್ನು ಅಜ್ಜನ ಕಾಲದಿಂದ ಶುರುಮಾಡುತ್ತಿದ್ದರು. ಇವರು ಪೂರ್ತಿ ಕೇಳಿಸಿಕೊಂಡು, ‘ಮಂಚ, ತೇಗ, ಜೋಡಿ, ಗಟ್ಟಿ’ ಎಂದು ನಾಲ್ಕೇ ಪದಕ್ಕೆ ಇಳಿಸಿ, ಕೊನೆಗೊಂದು ಫೋನ್ ನಂಬರ್ ಹಾಕಿ ಅಚ್ಚಿಗೆ ಕಳಿಸುತ್ತಿದ್ದರು. ನಂಬರ್ ಇಲ್ಲದ ಜಾಹೀರಾತು ಅವರ ಕೈಯಿಂದ ಒಂದೇ ಒಂದು ಹೊರಬಿದ್ದಿಲ್ಲ. ‘ಯಾರನ್ನ ಕೇಳ್ಬೇಕು ಅಂತ ಇಲ್ದಿದ್ರೆ ಅದು ಜಾಹೀರಾತಲ್ಲ, ಗೋಡೆ ಬರಹ’ ಎನ್ನುತ್ತಿದ್ದರು.

ಕೆಲಸ ಕೌಂಟರಿನಲ್ಲೇ ಉಳಿದಿದ್ದರೆ ಯಾರ ತಕರಾರೂ ಇರಲಿಲ್ಲ. ಮನೆಗೆ ಬಂದರೂ ಬಾಯಿ ಅದೇ ಬಾಯಿ. ‘ಕಾಫಿ ಬೇಕಾಗಿದೆ. ತುರ್ತು.’ ‘ಕನ್ನಡಕ ಕಳೆದಿದೆ. ಕಂಡವರು ತಿಳಿಸಿ.’ ತಂತಿ ಸಂದೇಶ ಕಳಿಸುವವರ ಹಾಗೆ ಮಾತಾಡುತ್ತಾರೆಂದು ಕಚೇರಿಯವರು ತಂತಿ ಎಂದು ಕರೆದದ್ದು, ಮನೆಯಲ್ಲೂ ಅದೇ ಗಟ್ಟಿಯಾಯಿತು. ಅತ್ತೆ, ಅಂದರೆ ಅವರ ಹೆಂಡತಿ, ಇದಕ್ಕೆ ಪೂರ್ತಿ ಉಲ್ಟಾ. ನಡುಮನೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದರು. ಮೆಷಿನ್ ನಿಂತರೂ ಅವರ ಮಾತು ನಿಲ್ಲುತ್ತಿರಲಿಲ್ಲ. ಎದುರಿಗೆ ಮನುಷ್ಯರಿಲ್ಲದಿದ್ದರೆ ಸೂಜಿಗೇ ಬೈಯುತ್ತಿದ್ದರು. ಮಾವ ಆ ಕಡೆ ಪೇಪರ್ ಹಿಡಿದು ಪಿಟ್ಟೆನ್ನದೆ ಕೂತಿರುತ್ತಿದ್ದರು.

ಕೊನೆಗೆ ಪತ್ರಿಕೆಯವರು ಆ ಕೌಂಟರನ್ನೇ ಮುಚ್ಚಿದರು. ಮಾವ ಮನೆಯಲ್ಲಿ ಕೂತರು, ಕೂತರು, ಕೂತೇ ಇದ್ದರು. ಹಾಲಿನ ಪ್ಯಾಕೆಟ್ಟಿನ ಬರಹ ತಿದ್ದುವ ಮಟ್ಟಕ್ಕೆ ಬಂದಾಗ ಮನೆಯಲ್ಲೇ ಇದ್ದ ಅವರ ಅಕ್ಕನ ಮಗಳಿಗೆ ಕರುಳು ಚುರುಕ್ಕೆಂದಿತು. ಅವಳು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಪುರಸೊತ್ತಿನಲ್ಲಿ ಕಂಪ್ಯೂಟರಿನ ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ತಮಾಷೆಯ ಎಕ್ಸ್‌ಟೆನ್ಷನ್ ಮಾಡಿದ್ದಳು. ಲೋಕದವರೆಲ್ಲ ಜಾಹೀರಾತು ಕಾಣದಿರಲಿ ಎಂದು ಬ್ರೌಸರಿಗೆ ಏನೇನೋ ಅಂಟಿಸಿಕೊಂಡರೆ, ಇವಳದು ಜಾಹೀರಾತು ತೋರಿಸುವುದಕ್ಕೇ ಇದ್ದದ್ದು! ಇಂಟರ್ನೆಟ್ಟಿನಲ್ಲಿ ಯಾವ ಪುಟ ತೆರೆದರೂ ಖಾಲಿ ಜಾಗ ಹುಡುಕಿ, ಎಲ್ಲೂ ಸಿಗದ ವಸ್ತುವಿನ ಜಾಹೀರಾತನ್ನು ಅಲ್ಲಿ ಕೂರಿಸುತ್ತಿತ್ತು.

“ಮಾವ, ಬರ್ಕೊಡೋರು ಬೇಕು,” ಎಂದಳು.

“ಅನುಭವ?” ಎಂದರು ಮಾವ.

“ಮೂವತ್ತೆರಡು ವರ್ಷ ಇದ್ರೆ ಸಾಕು.”

ಅಷ್ಟೇ ಸಾಕಾಯಿತು. ಮನುಷ್ಯನಿಗೆ ಜೀವ ಬಂತು. ‘ಬಾಡಿಗೆಗಿದೆ: ಗೊರಕೆ. ಕಳ್ಳರ ಭಯವಿರುವ ಮನೆಗೆ ಸೂಕ್ತ.’ ‘ಮಾರಾಟಕ್ಕಿದೆ: ಎಡಗಾಲಿನ ಚಪ್ಪಲಿ. ಬಲಗಾಲಿನದು ಕದ್ದವರಿಗೆ ಆದ್ಯತೆ.’ ‘ಬೇಕಾಗಿದ್ದಾರೆ: ಹೌದು ಹೌದು ಎನ್ನಲು ಒಬ್ಬರು.’ ಒಂದು ವಾರದಲ್ಲಿ ತೊಂಬತ್ತು ಬರೆದು ಬಿಸಾಕಿದರು. ಹುಡುಗಿ ಮೊದಲ ಹತ್ತು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಉಳಿದದ್ದನ್ನು ಕಣ್ಣು ಮುಚ್ಚಿ ಏರಿಸಿಬಿಟ್ಟಳು. ಕಣ್ಣು ತೆರೆದು ಏರಿಸಿದ್ದರೆ ಹನ್ನೊಂದನೆಯದರಿಂದ ಪ್ರತಿಯೊಂದರ ಕೆಳಗೂ ಮನೆಯ ಫೋನ್ ನಂಬರ್ ಕಾಣಿಸುತ್ತಿತ್ತು. ಮೊದಲ ಹತ್ತು ಬರೆಯುವಾಗ ಮಾವನಿಗೆ ಅದೇನೋ ಕೊರತೆ ಅನ್ನಿಸುತ್ತಿತ್ತಂತೆ. ಹನ್ನೊಂದಕ್ಕೆ ಕೈ ತಾನೇ ಅಭ್ಯಾಸಕ್ಕೆ ಬಿತ್ತು.

ಆ ಎಕ್ಸ್‌ಟೆನ್ಷನ್ ಅದು ಹೇಗೋ ಕೈಯಿಂದ ಕೈಗೆ ಹೋಯಿತು. ಒಂದು ಬೆಳಿಗ್ಗೆ ಮಾವ ತರಕಾರಿ ತರಲು ಹೋಗಿದ್ದಾಗ ಫೋನ್ ಹೊಡೆದುಕೊಂಡಿತು. ಯೂನಿಫಾರ್ಮಿನವರಿರಬೇಕೆಂದು ಅತ್ತೆ ಎತ್ತಿದರು.

“ಆ್ಯಡ್ ನೋಡಿ ಮಾಡ್ತಿದೀನಮ್ಮ. ಇನ್ನೂ ಇದೆಯಾ?”

“ಯಾವುದಪ್ಪಾ?”

ಆ ಕಡೆಯವನು ನಗು ತಡೆದುಕೊಂಡು ಓದಿದ: “ವಿನಿಮಯಕ್ಕಿದೆ: ಹೆಂಡತಿ. ಹಳೇ ಮಾದರಿ. ಚಾಲ್ತಿಯಲ್ಲಿದೆ. ಶಬ್ದ ಹೆಚ್ಚು.”

ಅತ್ತೆ ಒಂದು ಕ್ಷಣ ಸುಮ್ಮನಾದರು. ಆ ಮನೆಯ ಚರಿತ್ರೆಯಲ್ಲೇ ಅದು ಮೊದಲ ಸಲ.

“ಇದೆ,” ಎಂದರು. “ಈಗ ಹೊರಡ್ತಾ ಇದೆ.”

ಮಾವ ಚೀಲ ಹಿಡಿದು ಬರುವಷ್ಟರಲ್ಲಿ ಮೆಷಿನ್ನಿಗೆ ಹೊದಿಕೆ ಬಿದ್ದಿತ್ತು. ಅತ್ತೆ ಸೂಟ್‌ಕೇಸ್ ಎತ್ತಿಕೊಂಡು, ಎರಡು ಗಂಟೆ ದಾರಿಯ ತಂಗಿ ಮನೆಗೆ ಬಸ್ ಹತ್ತಲು ಬಾಗಿಲಲ್ಲೇ ನಿಂತಿದ್ದರು. “ಒಳ್ಳೆ ಗಿರಾಕಿ ಸಿಕ್ರೆ ಬದಲಾಯಿಸ್ಕೊಳ್ಳಿ,” ಎಂದದ್ದೇ ಹೊರಟರು. ಮಾವ ಬೆಂಡೆಕಾಯಿ ಚೀಲ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತರು. ‘ತಮಾಷೆಗೆ’ ಎಂಬ ಒಂದೇ ಪದ ಹೊರಬಂತು. ಅದೂ ಬಸ್ಸು ಹೋದ ಮೇಲೆ.

ಅಲ್ಲ, ತಪ್ಪಾಯಿತು ಎಂದು ಅತ್ತೆಯ ಹಿಂದೆಯೇ ಓಡಬೇಕೋ ಬೇಡವೋ? ಅದು ಬಿಟ್ಟು ಈ ಪುಣ್ಯಾತ್ಮರು ಕಚೇರಿಯ ನಿಯಮ ತೆಗೆದರು. ತಪ್ಪು ಎಲ್ಲಿ ಅಚ್ಚಾಗಿದೆಯೋ ಅಲ್ಲೇ, ಅದೇ ಅಳತೆಯಲ್ಲಿ ತಿದ್ದುಪಡಿ ಬರಬೇಕು. ಹುಡುಗಿಯ ಕೈಲಿ ಏರಿಸಿಯೇಬಿಟ್ಟರು: ‘ತಿದ್ದುಪಡಿ: ಹೆಂಡತಿ ವಿನಿಮಯಕ್ಕಿಲ್ಲ. ವಿಷಾದಿಸುತ್ತೇವೆ.’ ಕೆಳಗೆ ಮತ್ತೆ ನಂಬರ್! ಅವತ್ತೊಂದೇ ದಿನ ಹದಿನೇಳು ಫೋನ್. ಎಲ್ಲರದೂ ಒಂದೇ ಪ್ರಶ್ನೆ: “ಯಾಕ್ ಸಾರ್, ಹೋಗ್ಬಿಡ್ತಾ?”

ಹೌದು ಎನ್ನಲೂ ಆಗದೆ, ಇಲ್ಲ ಎನ್ನಲೂ ಆಗದೆ ಮಾವ ಪ್ರತಿ ಸಲವೂ ಫೋನ್ ಇಟ್ಟರು. ಹನ್ನೊಂದು ದಿನ ಕಳೆಯಿತು. ಅತ್ತೆಯ ಸುದ್ದಿಯಿಲ್ಲ. ಮಾವನಿಗೆ ಅನ್ನ ಸೇರದಾಯಿತು. ಅವಳು ಬಾರದೇ ಹೋದರೆ ಎಂಬ ಭಯ ಎದೆಯಲ್ಲಿ ಕೂತುಬಿಟ್ಟಿತು.

“ತಿದ್ದುಪಡಿ ಇನ್ನೂ ಓದಿಲ್ವೋ ಏನೋ,” ಎಂದರು.

ಹುಡುಗಿ ಹಣೆ ಚಚ್ಚಿಕೊಂಡಳು. “ಮಾವ, ಅವ್ರ ತಂಗಿ ಮನೇಲಿ ಕಂಪ್ಯೂಟರೇ ಇಲ್ಲ! ಎದ್ದು ಹೋಗಿ, ಬಾಯಿ ಬಿಟ್ಟು ಹೇಳಿ!”

ಮಾವ ಹೋದರು. ಬಸ್ಸಿನ ಎರಡು ಗಂಟೆಯಲ್ಲಿ ಕ್ಷಮಾಪಣೆಯನ್ನು ಚೀಟಿಯಲ್ಲಿ ಬರೆದು, ಕತ್ತರಿಸಿ, ಮತ್ತೆ ಕತ್ತರಿಸಿ ನಾಲ್ಕು ಪದಕ್ಕೆ ತಂದರು. ಬಾಗಿಲು ತೆರೆದ ನಾದಿನಿ ಸೊಂಟದ ಮೇಲೆ ಕೈಯಿಟ್ಟು, “ಬನ್ನಿ, ವಿನಿಮಯಕ್ಕೆ ಏನು ತಂದಿದೀರಿ?” ಎಂದಳು. ಒಳಗೆ ಅತ್ತೆ ಪರದೆಗೆ ಅಂಚು ಹೊಲಿಯುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಮಾವ ನಿಂತಲ್ಲೇ ಚೀಟಿ ಓದಿದರು: “ತಪ್ಪು ನಡೆದಿದೆ. ಕ್ಷಮೆಯಿರಲಿ. ಮರಳುವುದು.”

ಅತ್ತೆ ಸೂಜಿ ಚುಚ್ಚಿಟ್ಟರು. “ರೀ, ಊರಲ್ಲಿರೋ ಹರಕು ಮಂಚ, ಮುರುಕು ಬೀರು ಎಲ್ಲದರ ಬಗ್ಗೆನೂ ಬರೆದ್ರಿ. ಯಾರದ್ದೋ ಕುಂಟು ನಾಯಿನ ‘ಮುದ್ದು ಮುಖದ್ದು’ ಅಂತ ಬರೆದ್ರಿ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ನೀವು ಬರೆದಿದ್ದು ಅದೊಂದೇ.” ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಅದರಲ್ಲೂ ಶಬ್ದ ಹೆಚ್ಚು ಅಂತ.”

ಮಾವನ ಕೈಯಲ್ಲಿ ಚೀಟಿ ಮುದುಡಿತು.

“ಮನೇಲಿ ಶಬ್ದನೇ ಇಲ್ಲ ಕಣೇ,” ಎಂದರು. ಆಮೇಲೆ ಅವರಿಗೇ ಆಶ್ಚರ್ಯವಾಗುವಂತೆ ಮಾತು ಬರುತ್ತಲೇ ಹೋಯಿತು. “ಬೆಳಿಗ್ಗೆ ಎದ್ರೆ ಮೆಷಿನ್ ಓಡಲ್ಲ. ಸೂಜಿಗೆ ಬೈಯೋರಿಲ್ಲ. ರೇಡಿಯೋ ಹಾಕಿದೆ, ಅದು ನನಗೆ ಒಂದ್ಸಲನೂ ಬೈಲಿಲ್ಲ, ಆರಿಸಿದೆ. ಆ ಕೌಂಟರಲ್ಲಿ ದಿನವಿಡೀ ಜನರ ಮಾತು ಕತ್ತರಿಸೋದೇ ನನ್ ಕೆಲಸ ಆಗಿತ್ತು. ಯಾರು ಬಾಯಿ ತೆಗೆದ್ರೂ ಎಲ್ಲಿ ಕತ್ತರಿಸ್ಲಿ ಅಂತಲೇ ನೋಡ್ತಿದ್ದೆ. ಮನೆಗೆ ಬಂದು ಕೂತ್ರೆ, ನಿನ್ನ ಮಾತೊಂದೇ ನಾನು ಕತ್ತರಿಸ್ದೆ ಕೇಳ್ತಿದ್ದಿದ್ದು. ಪೇಪರ್ ಹಿಡ್ಕೊಂಡಿರ್ತಿದ್ನಲ್ಲ, ಒಂದಕ್ಷರ ಓದ್ತಿರ್ಲಿಲ್ಲ. ನಿನಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಈಗ ಭಯ ಆಗ್ತಿದೆ ನನಗೆ, ನೀನು ಬರಲ್ವೇನೋ ಅಂತ.”

ನಾದಿನಿ ಸದ್ದಿಲ್ಲದೆ ಅಡುಗೆಮನೆಗೆ ಸರಿದಳು. ಅತ್ತೆ ಸೆರಗಿನಿಂದ ಮೂಗೊರೆಸಿಕೊಂಡು, ಅಂಚಿನ ಕೊನೆಯ ನಾಲ್ಕು ಹೊಲಿಗೆ ಹಾಕಿ, ದಾರ ಕಡಿದು ಎದ್ದರು.

ವಾಪಸ್ ಬಸ್ಸಿನಲ್ಲಿ ಕೂತದ್ದೇ ತಡ, ಹನ್ನೊಂದು ದಿನದ ಬಾಕಿ ಶುರುವಾಯಿತು. ತಂಗಿಯ ಮನೆ ನೀರು, ತಂಗಿಯ ಗಂಡನ ಕೆಮ್ಮು, ಅವರ ಪಕ್ಕದ ಮನೆಯಾಕೆ ಪರದೆ ಬಟ್ಟೆ ತಂದುಕೊಟ್ಟು ಆಡಿದ ಆಟ. ಮುಂದಿನ ಸೀಟಿನವನು ಎರಡು ಸಲ ತಿರುಗಿ ನೋಡಿ, ಮೂರನೇ ಸಲ, “ಅಮ್ಮಾ, ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ?” ಎಂದ.

ಅತ್ತೆಯ ಮುಖ ಪೆಚ್ಚಾಯಿತು. ಮಾವ ಎದ್ದು ನಿಂತರು.

“ನನ್ನ ಹೆಂಡತಿ ಮಾತಾಡ್ತಾಳೆ ಕಣಯ್ಯಾ,” ಎಂದರು, ಇಡೀ ಬಸ್ಸಿಗೆ ಕೇಳುವಂತೆ. “ನಿನಗೆ ಬೇಡದಿದ್ರೆ ಹಿಂದೆ ಸೀಟು ಖಾಲಿ ಇದೆ, ಹೋಗಿ ಕೂತ್ಕೋ.”

ಕೂತು, ಅತ್ತೆಯ ಕಡೆ ತಿರುಗಿದರು.

“ಹೇಳು. ಆಮೇಲೆ ಆ ಪಕ್ಕದ ಮನೆಯವಳು ಏನಂದ್ಲು?”